ಅನಸೂಯಮ್ಮನೋರು ಮಡಿ ಮಾಡಿದ ಕಲ್ಲು

ಒಂದೇ ಒಪ್ಪತ್ನಲ್ಲಿ ಒಂದ್ ಪಲ್ಲ ರಾಗಿ ಬೀಸ್ದೋಳು ಕಣೆ ಈ ಹೊನ್ನಕ್ಕ. ಕಲ್ಲು ಎಂಗ್ ಕಾದಿತ್ತು ಅಂದ್ರೆ, ಅದ್ರ ಮ್ಯಾಲೇ ರೊಟ್ಟಿ ತಟ್ಟಿ ಸುಟ್ಕೊಂಡ್ ತಿಂದೆ. ಯಾಕ್ ನಗ್ತೀಯ? ಸರಿ, ಅರ್ಧ ಸುಳ್ಳು. ರಾಗಿ ಬೀಸಿದ್ದು ದಿಟ, ರೊಟ್ಟಿ ತಿಂದಿದ್ದೂ ದಿಟ. ಮಿಕ್ಕಿದ್ದ ನೀನೇ ಸೋಸ್ಕೊ.

ಗಾಳಿ ಬಂತು, ಕರೆಂಟ್ ಓಯ್ತು, ರಾಗಿ ಇಟ್ಟಿಗೇನ್ ಮಾಡ್ಲಿ ಅಂತ ಮೊರ ಇಡ್ಕೊಂಡ್ ಬಂದಿದ್ದೀಯ. ಈ ಕೇರಿಗೆ ಸೊಸೆಯಾಗ್ ಬಂದು ಇನ್ನೂ ಕೆನ್ನೆ ಅರಿಸಿನ ಮಾಸಿಲ್ಲ, ನಿಂಗೇನ್ ಗೊತ್ತು. ಬಾ, ಬೀಸೋಕಲ್ ಮುಂದೆ ಕೂತ್ಕೊ. ಗೂಟ ಇಡಿ. ತಿರುಗುಸ್ತಾ ಕೇಳು.

ನಮ್ಮೂರ್ಗೆ ಮೊದ್ಲು ಕರೆಂಟ್ ಬಂದಾಗ ದೊಡ್ಡಮನೆ ನಂಜಪ್ಪನೋರು ಇಟ್ಟಿನ್ ಮಿಲ್ಲು ಆಕ್ಸಿದ್ರು. ಮಿಲ್ಲು ಕೂಗಿದ್ದೇ ತಡ, ಅವ್ರೆಂಡ್ತಿ ಅನಸೂಯಮ್ಮನೋರು ಮನೆ ಬೀಸೋಕಲ್ಲ ಕೀಳ್ಸಿ ಬಚ್ಚಲಿಗೆ ಆಕುಸ್ಬುಟ್ರು, ಕಾಲುಜ್ಜಾಕೆ. ಅವ್ರ ನೋಡಿ ಊರೋರೆಲ್ಲ ಅಂಗೇ ಮಾಡಿದ್ರು. ನಮ್ ಕೇರಿ ರಾಗಿ ಮಾತ್ರ ಕಟ್ಟಕಡೆಗೆ ಬೀಸೋರು. ಊರೋರ್ದೆಲ್ಲ ಮುಗಿಯೋ ಒತ್ಗೆ ಕರೆಂಟೇ ಮಲಿಕ್ಕಬುಡೋದು. ಅದ್ಕೇ ನಮ್ ಪಕ್ಕದ್ಮನೆ ಮಾದಮ್ಮ ತನ್ ಕಲ್ಲ ಬುಟ್ಟಿರ್ಲಿಲ್ಲ. ಅವ್ಳೊಂದ್ ಕಡೆ, ನಾನೊಂದ್ ಕಡೆ ಕೂತು ಬೀಸ್ತಿದ್ವಿ. ಕೇರಿ ಪೂರಾ ಆ ಒಂದ್ ಕಲ್ಲಿನ್ ಇಟ್ಟೇ ಉಣ್ತಿತ್ತು.

ಆ ವರ್ಸ ಭರಣಿ ಮಳೆ ಬಂತು ನೋಡು. ಮಿಲ್ಲಿನ ತಗಡು ಆರ್ಕೊಂಡೋಗಿ ಕೊಣನೂರ್ ಸಂತೇಲಿ ಬಿದ್ದು, ಅಲ್ಲಿ ಯಾರೋ ರೇಟ್ ಕೇಳಿದ್ರಂತೆ. ನಮ್ ಗುಡ್ಲುಗಳ ಉಲ್ಲು ಕಾವೇರಿಗೇ ಇಳೀತು. ಲೈಟ್ ಕಂಬಗಳು ಕುಡುದ್ ಬಿದ್ದೋರಂಗೆ ದಾರಿಗಡ್ಡ. ಲೈನ್‌ಮ್ಯಾನು ಸೈಕಲ್ ತುಳ್ಕೊಂಡ್ ಬಂದ, ತಲೆ ಕೆರ್ಕೊಂಡ, "ಅರಕಲಗೂಡಲ್ಲೂ ಇಲ್ಲ, ಕೊಣನೂರಲ್ಲೂ ಇಲ್ಲ, ಕಂಬ ಹಾಸನ್ದಿಂದ ಬರ್ಬೇಕು" ಅಂದ. ಓದೋನು ಓದ್ನೇ, ತಿರ್ಗಾ ಬರ್ಲಿಲ್ಲ.

ಅದೇ ಮಳೇಲಿ, ಸೂರಿಲ್ದಿದ್ ಗುಡ್ಲಲ್ಲಿ, ಮಾದಮ್ಮನ ಮಗಳು ಪುಟ್ಟತಾಯಿ ಗಂಡು ಕೂಸು ಎತ್ಲು.

ಅತ್ಲಾಗೆ ದೊಡ್ಡಮನೇಲಿ ಇಟ್ಟು ಮುಗೀತು. ಬಚ್ಚಲ್ ಕಲ್ಲಲ್ಲಿ ಬೀಸಂಗಿಲ್ಲ, ಕಾಲ್ ತೊಳ್ದಿದ್ದು. ಮಾದಮ್ಮ ಕುಯ್ದಿದ್ ರಾಗಿ ಆಯ್ತದೆ, ಒಕ್ಕಿದ್ ರಾಗಿ ಆಯ್ತದೆ, ಅವ್ಳು ಬೀಸಿದ್ ಇಟ್ಟು ಮಾತ್ರ ಆಗಾಕಿಲ್ಲ. ಏನ್ಮಾಡಿದ್ರು? ಅವಳ್ ಕಲ್ಲನ್ನೇ ಎತ್ತುಸ್ಕೊಂಡೋದ್ರು. ಒತ್ಕೊಂಡೋಗಿದ್ದು ಯಾರು ಅಂದ್ಕೊಂಡೆ? ಅವಳ್ ಗಂಡ ಕೆಂಚಯ್ಯ. ಅವ್ರ ಮನೆ ಆಳಲ್ವಾ.

ಅನಸೂಯಮ್ಮನೋರು ಆ ಕಲ್ಲಿಗೆ ಗಂಜ್ಲ ಉಯ್ದ್ರು, ಹುಣಸೆಹಣ್ಣಾಕಿ ಉಜ್ಜಿದ್ರು. ಅಷ್ಟಾದ್ರೂ ಮನಸ್ಸಿಗಾಗ್ಲಿಲ್ಲ. "ಕೇರಿಯೋರ್ ಕೈ ಸೋಕಿದ್ದೆಲ್ಲ ಕಿತ್ಕೊಂಡ್ ಓಗ್ಲಿ" ಅಂತ ಕಲ್ ಕುಟ್ಟೋನ್ನ ಕರ್ಸಿ, ಎರಡು ಕಲ್ಲಿನ್ ಮೊಕಾನೂ ಉಳೀಲಿ ಒಸ್ದಾಗಿ ಕುಟ್ಟುಸಿದ್ರು. ಬೇಲಿ ಆಚೆ ನಿಂತಿದ್ದ ಮಾದಮ್ಮ ತಡೀಲಾರ್ದೆ ಅಂದ್ಲು:

"ಅವ್ವಾರೆ, ಕುಟ್ಟಿದ್ ಕಲ್ಲು ಪುಡಿ ಬುಡ್ತದೆ. ಮೊದ್ಲು ತೌಡು ಬೀಸಿ ಬೀಸಿ ಚೆಲ್ಲಿ, ಆಮ್ಯಾಕೆ ರಾಗಿ ಆಕಿ."

"ನೀನ್ ನಂಗೆ ಬೀಸೋದ್ ಕಲುಸ್ತೀಯೇನೆ? ಅತ್ಲಾಗ್ ನಿಂತ್ಕೊ, ನೆರಳು ಬೀಳ್ತದೆ!"

ರೊಟ್ಟಿ ತಿಂದಿದ್ರೆ ಮೊದುಲ್ನೇ ತುತ್ತಿಗೇ ಅಲ್ಲು ಕರಕರ ಅಂದಿರೋದು. ಅವ್ರು ಉಂಡಿದ್ದು ಮುದ್ದೆ. ಮುದ್ದೆ ಯಾರ್ ಅಗೀತಾರೆ? ಸಾರಿಗದ್ದಿ ಗುಳುಕ್ ಅಂತ ನುಂಗಿದ್ರು. ನಂಜಪ್ಪನೋರ್ ಒಟ್ಟೇಲಿ ಒಂದ್ ಮನೆ ತಳಪಾಯಕ್ಕಾಗೋವಷ್ಟು ಕಲ್ಲಿತ್ತು ಅಂತೀನಿ.

ಇಲ್ಲಿ ನಾವು ರಾಗೀನ ಬಂಡೆ ಮ್ಯಾಲೆ ಗುಂಡ್ಕಲ್ಲಲ್ಲಿ ಜಜ್ಜಿ, ನೆಂದಿದ್ ಸೌದೇಲಿ ಅರೆಬರೆ ಬೇಯ್ಸಿ ಬಾಣಂತಿಗೆ ಕೊಡ್ತಿದ್ವಿ. ತಿಂದಿದ್ದು ತಿಂದಂಗೇ ಬೇದಿ ಆಗೋದು. ಎದೇಲಿ ಹಾಲು ಬತ್ತೋಯ್ತು. ಮಾದಮ್ಮ ಓಗಿ ದೊಡ್ಡಮನೆ ಇತ್ಲಲ್ಲಿ ಸೆರಗೊಡ್ಡಿದ್ಲು. ನಾನೂ ಜತೇಲಿದ್ದೆ.

"ಅವ್ವಾರೆ, ಒಂದೊತ್ತು ಕಲ್ ಕೊಡಿ. ಕೂಸು ಬರೀ ಎದೆ ಚೀಪಿ ಚೀಪಿ ಸೋತದೆ."

"ಮಡಿ ಮಾಡಿದ್ ಕಲ್ಲ ಕೇರಿಗ್ ಕಳ್ಸಿ, ತಿರ್ಗಾ ಮಡಿ ಮಾಡ್ತಾ ಕೂರಾಕೆ ನಂಗೇನ್ ಬ್ಯಾರೆ ಕೆಲ್ಸಿಲ್ವಾ? ಕರೆಂಟ್ ಬರ್ಲಿ ಇರು."

"ಕೂಸಿಗೇನ್ ಗೊತ್ತವ್ವ ಕರೆಂಟು?"

ಅದ್ಕವ್ರು ಒಂದ್ ಬೊಗ್ಸೆ ಇಟ್ಟು ತಂದು ಮ್ಯಾಲಿಂದ ಸೆರಗಿಗೆ ಸುರುದ್ರು. ಮಾದಮ್ಮ ಒಂದ್ ಚಿಟ್ಕೆ ಬಾಯ್ಗಾಕೊಂಡ್ಲು. ಕರಕ್! ನನ್ ಮೊಕ ನೋಡಿದ್ಲು. ಬರೋ ದಾರೀಲಿ ಇಟ್ಟೆಲ್ಲ ಚರಂಡಿಗೆ ಒದರುದ್ಲು.

"ಲೇ, ಇಟ್ಟಲ್ಲಿ ಕಲ್ಲದೆ ಅಂತ ಓಗಿ ಏಳ್ಬುಡ್ಲಾ?" ಅಂದೆ.

"ಏಳಿದ್ನಲ್ಲ ಅಕ್ಕ, ಆವತ್ತೇ" ಅಂದ್ಲು.

ಕೂಸು ಓಯ್ತು. ದೀಪ ಆರ್ದಂಗೆ ಅನ್ನಾಕೂ ಆಗಾಕಿಲ್ಲ, ದೀಪ ಆರುದ್ರೆ ಒಂದೀಟು ಒಗೆನಾದ್ರೂ ಏಳ್ತದೆ. ಹೊಂಗೆ ಮರದಡೀಲಿ ಮಣ್ ಮಾಡಿದ್ವಿ. ಕೆಂಚಯ್ಯ ಕೈ ಮಣ್ಣು ತೊಳ್ದಿರ್ಲಿಲ್ಲ, ಮಿಲ್ಲಿನ್ ತಗಡು ಒರಾಕೆ ಬಾ ಅಂತ ದೊಡ್ಡಮನೆಯಿಂದ ಕರೆ ಬಂತು. ಓದ.

ಅಷ್ಟೊತ್ಗೆ ದೊಡ್ಡಮನೇಲಿ ಒಬ್ಬೊಬ್ರೇ ಒಟ್ಟೆ ಇಡ್ಕೊಂಡ್ ಉಳ್ಳಾಡಾಕೆ ಸುರುವಾದ್ರು. ಕಡೆಗೆ ಮೊಮ್ಮಗನೂ. ಅನಸೂಯಮ್ಮನೋರು ಆ ಮಗೀನ ಕಂಕುಳಲ್ಲಿ ಎತ್ಕೊಂಡು, ಅವ್ರ್ ಜಲ್ಮದಲ್ಲೇ ಮೊದುಲ್ನೇ ಸಲ ನಮ್ ಕೇರಿ ಬಾಯ್ಗೆ ಬಂದ್ ನಿಂತು ಮಾದಮ್ಮನ ಕೂಗಿದ್ರು.

"ಏನೇ ಮಾಡಿದ್ದೀಯ ಆ ಕಲ್ಲಿಗೆ? ಮನೆ ಮಂದಿಗೆಲ್ಲ ಒಟ್ಟೆ ಇರೀತದೆ. ಬಾಯ್ ಬುಡು! ಮಾಟ ಗೀಟ ಅಂತ ಗೊತ್ತಾದ್ರೆ ಕಂಬಕ್ಕೆ ಕಟ್ಟಾಕುಸ್ತೀನಿ."

ಕಂಬ ಎಲ್ಲವ್ವ ನಿಂತವೆ ಅಂತ ನನ್ ನಾಲ್ಗೆ ತುದೀಗೆ ಬಂದಿತ್ತು. ನುಂಗ್ಕೊಂಡೆ, ಮುದ್ದೆ ನುಂಗ್ದಂಗೆ.

ನೋಡು ಉಡುಗಿ, ದಿಟ ಏಳುದ್ರೆ ಅವ್ರು ತೌಡು ಬೀಸಿ ಚೆಲ್ತಾರೆ, ಒಟ್ಟೆ ವಾಸಿಯಾಯ್ತದೆ, ಕಲ್ಲು ಅಲ್ಲೇ ಉಳೀತದೆ. ಮಾಟ ಅಂದ್ರೆ ಮಾದಮ್ಮನ ಚರ್ಮ ಸುಲೀತಾರೆ. ಸುಮ್ಕಿದ್ರೆ ಆ ಮಗು ಇನ್ನೊಂದ್ ಮುದ್ದೆ ನುಂಗ್ತದೆ.

ಮಾದಮ್ಮ ಆ ಮಗಿನ್ ಮೊಕ ನೋಡಿದ್ಲು. ತಿರುಗಿ ಹೊಂಗೆ ಮರದ್ ಕಡೆ ನೋಡಿದ್ಲು. ಒಂದೇ ಒಂದ್ ಮಾತಂದ್ಲು. ಅನಸೂಯಮ್ಮನೋರು ಮಗಿನ್ ತಲೆ ಮ್ಯಾಲೆ ಸೆರಗ್ ಮುಚ್ಕೊಂಡು, ಇಂದ್ಕ್ ತಿರುಗ್ದಂಗೆ ಓಡಿದ್ರು.

ಮಾರ್ನೆ ಬೆಳಗ್ಗೆ ಕಲ್ಲು ಕೇರಿಗೆ ಬಂತು. ಕೆಂಚಯ್ಯನ್ ತಲೆ ಮ್ಯಾಲಲ್ಲ, ಗಾಡೀಲಿ, ಅರಿಸಿನ ಕುಂಕುಮ ಬಳ್ಕೊಂಡು. ಒಟ್ಟೆ ಇಡ್ಕೊಂಡೇ ಎತ್ತು ಒಡ್ಕೊಂಡ್ ಬಂದೋರು ನಂಜಪ್ಪನೋರು. ಜತೆಗೊಂದ್ ಮೂಟೆ ರಾಗಿ. ಕಲ್ಲಿನ್ ಮ್ಯಾಲೆ ಒಂದ್ ಒಳಲೆ, ಕೂಸಿಗೆ ಹಾಲು ಕುಡ್ಸೋದು, ಅದ್ರ ತುಂಬ ಹಸೀನ್ ಹಾಲು. ಆ ಹಾಲ ಅನಸೂಯಮ್ಮನೋರೇ ಹೊಂಗೆ ಮರದಡೀಲಿ ಉಯ್ದು, ಕೈ ಮುಗ್ದು ಓದ್ರು. ಮೂಟೆ ಅಂದಿದ್ದು ಅರ್ಧ ಮೂಟೆ ಇರ್ಬೋದು. ಒಳಲೆ ಮಾತ್ರ ದಿಟ ಕಣೆ.

ಯಾಕೆ ಗೂಟ ಬುಟ್ಬುಟ್ಟೆ? ಇಡ್ಕೊ, ಊಂ, ಅದೇ ಕಲ್ಲು. ಎದ್ರುಬ್ಯಾಡ, ತೌಡು ಬೀಸಿ ಚೆಲ್ಲಿ ಯಾವ್ ಕಾಲ ಆಯ್ತೋ. ಆ ಹಾಲು ಯಾರ್ ಒಟ್ಟೆಗೆ ಅಂತ ಉಯ್ದ್ರು ನೆನುಸ್ಕೊಂಡು ಈಗ ನೀನೇಳು ನೋಡಾನ, ಮಾದಮ್ಮ ಏನಂದಿರ್ಬೋದು?