ಮುಚ್ಚಳದ ಮೇಲೆ ಆರ್ಲಿಸ್

ಹಾಲ್ವರನ ಬಾಯಲ್ಲಿ ಎಲ್ಲದಕ್ಕೂ ಒಂದೇ ಉತ್ತರ: ಪರವಾಗಿಲ್ಲ. ಮಂಡಿಯ ಆಪರೇಷನ್ ಹೇಗಾಯಿತು ಎಂದರೆ ಪರವಾಗಿಲ್ಲ. ಮಿನೆಸೋಟದ ಜನವರಿಯಲ್ಲಿ ಮೂಗು ಉದುರಿಹೋಗುವಂಥ ಚಳಿ ಬಿದ್ದರೂ ಪರವಾಗಿಲ್ಲ. ಅವನೊಂದಿಗೆ ಸಂಸಾರ ಮಾಡಿ ಕೂದಲು ಬೆಳ್ಳಗಾದ ಆರ್ಲಿಸ್‌ಗೆ ಆ ಮಾತು ಕಿವಿಗೆ ಬಿದ್ದರೇ ಭಯ. ಅವನು ಹಾಗೆ ಅಂದಾಗಲೆಲ್ಲ ಎಲ್ಲೋ ಏನೋ ಕೆಟ್ಟಿರುತ್ತಿತ್ತು.

ಅಂದು ಬೆಳಿಗ್ಗೆಯೂ ಅಂದಿದ್ದ. ಹಿಂದಿನ ರಾತ್ರಿಯ ಮಳೆಗೆ ಅವರ ಮಡಚುವ ಟ್ರೇಲರಿನ ಚಾವಣಿ ಸೋರಿ ಹಾಸಿಗೆ ತೊಯ್ದುಹೋಗಿತ್ತು. ಪಡುವಣದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಗಾಳಿಕಿಂಡಿಯ ಸುತ್ತಲಿನ ಹಳೇ ಅಂಟನ್ನು ಕೆರೆದು ಹೊಸದು ಹಾಕಬೇಕು. ಹಾಲ್ವರನ ಮಂಡಿ ಏಣಿ ಹತ್ತುವಂತಿರಲಿಲ್ಲ.

"ನಾನು ಹತ್ತಲಾ? ನಂಗೆ ಸ್ಟೂಲ್ ಮೇಲೆ ನಿಂತ್ರೇ ತಲೆ ತಿರುಗುತ್ತೆ," ಎಂದಳು ಆರ್ಲಿಸ್.

"ನೀನು ಬೆಕ್ಕಿನಷ್ಟೂ ತೂಕ ಇಲ್ಲ ಮಾರಾಯ್ತಿ. ಹಲಗೆ ಹಾಕ್ಕೊಡ್ತೀನಿ, ಹೊಟ್ಟೆ ಮೇಲೆ ಮಲಕ್ಕೊಂಡು ಕೆಲಸ ಮಾಡು. ಐದು ನಿಮಿಷ."

ಆ ಟ್ರೇಲರ್ ಅಂದರೆ ದೊಡ್ಡ ಡಬ್ಬಿ, ಮೇಲೊಂದು ಮುಚ್ಚಳ. ಕಾರಿಗೆ ಕಟ್ಟಿ ಊರೂರು ಎಳೆದುಕೊಂಡು ಹೋಗುವಾಗ ಮುಚ್ಚಳ ಇಳಿದು ಹೆಗಲೆತ್ತರಕ್ಕಿರುತ್ತದೆ. ತಂಗುವಾಗ ಎತ್ತಿದರೆ ಮನೆ. ಆಚೀಚೆ ಇರುವ ಕಬ್ಬಿಣದ ತೋಳುಗಳನ್ನು ಒಳಗಿನ ಸ್ಪ್ರಿಂಗು ಎತ್ತಿ ಹಿಡಿಯುತ್ತದೆ. ಆ ಸ್ಪ್ರಿಂಗಿಗೆ ಮುಚ್ಚಳದ ಭಾರ ಗೊತ್ತೇ ಹೊರತು ಮನುಷ್ಯರ ಭಾರ ಗೊತ್ತಿಲ್ಲ. ಆದ್ದರಿಂದ ಚಾವಣಿಯ ಕೆಲಸ ಮಾಡುವವರು ಮೊದಲು ಮುಚ್ಚಳ ಇಳಿಸಬೇಕು, ನಾಲ್ಕು ಮೂಲೆಗೂ ಜಾಕ್ ಕೊಡಬೇಕು, ಗೋಡೆಯಿಂದ ಗೋಡೆಗೆ ಹಲಗೆ ಹಾಸಬೇಕು. ಟ್ರೇಲರಿನವರು ಬಂದು ತಂಗುವ ಸರೋವರದ ದಂಡೆಯ ಆ ಬಿಡಾರದಲ್ಲಿ ಈ ಪಾಠವನ್ನು ಎಲ್ಲರಿಗೂ ಹೇಳಿಕೊಟ್ಟವನು ಹಾಲ್ವರನೇ. ಎತ್ತಿದ ಚಾವಣಿಗೆ ಕೈಯೂರಿದ ಒಬ್ಬ ಹುಡುಗನನ್ನು ಹೋದ ವರ್ಷ ಅಟ್ಟಿಸಿಕೊಂಡು ಹೋಗಿ ಬೈದಿದ್ದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ!

ಜಾಕ್ ಕೊಟ್ಟ, ಹಲಗೆ ಹಾಸಿದ, ಮುಚ್ಚಳ ಮಾತ್ರ ಇಳಿಸಲಿಲ್ಲ. ಇಳಿಸಿದರೆ ಒಳಗೆ ನಿಲ್ಲುವುದಕ್ಕಾಗುವುದಿಲ್ಲ. ಒಳಗೆ ನಿಂತು ಒತ್ತಿ ತೋರಿಸದಿದ್ದರೆ ಇವಳಿಗೆ ತೂತು ಸಿಗುವುದಿಲ್ಲ.

"ಹಾಲ್ವರ್, ಮುಚ್ಚಳ ಇಳಿಸ್ಬೇಕು ಅಂತ ನೀನೇ ಅಲ್ವಾ ಹೇಳೋದು?"

"ಪರವಾಗಿಲ್ಲ, ಹತ್ತು. ಥರ್ಮಾಸ್ ಯಾಕೆ ಹೆಗಲಿಗೆ? ಮೇಲೇನು ಪಿಕ್ನಿಕ್ಕಾ?"

"ಕೈ ನಡುಗಿದ್ರೆ ಎರಡು ಗುಟುಕು ಕಾಫಿ ಬೇಕು ನಂಗೆ. ನಿಂಗೇನು ನಷ್ಟ?"

ಹತ್ತಿದಳು. ಕೆಳಗೆ ನೋಡಲಿಲ್ಲ. ಹಲಗೆಯ ಮೇಲೆ ಹಲ್ಲಿಯಂತೆ ಅಂಟಿಕೊಂಡು ಗಾಳಿಕಿಂಡಿಯವರೆಗೆ ತೆವಳಿ, ತಿರುಪು ಬಿಚ್ಚಿ, ಹಳೇ ಅಂಟು ಕೆರೆದಳು. ಬೆರಳಗಲದ ಸೀಳು ಬಾಯಿಬಿಟ್ಟಿತು. ಸೀಳಿನಲ್ಲಿ ಗಂಡನ ಬೋಳುತಲೆ ಹೊಳೆಯಿತು. ತಗಡಿನ ಸದ್ದು ಗುಂಡು ಹಾರಿಸಿದಂತೆ ಕೇಳುತ್ತದೆಂದು ಅವನು ಕಿವಿಯ ಮೆಷಿನನ್ನು ತೆಗೆದು ಜೇಬಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ನಿಂತಿದ್ದ. ಮಾತಿನ ಬದಲು ಸನ್ನೆ: ಅವನು ಒಳಗಿನಿಂದ ಬಡಿದ ಕಡೆ ಇವಳು ಬಡಿಯಬೇಕು.

ಅಂಟಿನ ಡಬ್ಬಿ ಏಣಿಯ ಕಡೆ ಉಳಿದಿತ್ತು. ಅದಕ್ಕೆ ಕೈಚಾಚಿ ಕೊಂಚ ಆ ಕಡೆಗೆ ಸರಿದಳು. ಚಾವಣಿ ಕುಸಿಯಿತು.

ಕುಸಿದದ್ದು ಬೆರಳುದ್ದವೇ ಇರಬೇಕು. ಕಬ್ಬಿಣದ ತೋಳು ಕಿರ್ರೆಂದು ನರಳಿ ನಿಂತಿತು. ಹಿಂದಕ್ಕೆ ಸರಿದಳು. ಅದು ಮತ್ತೆ ಮೇಲೇಳಲಿಲ್ಲ. ಏಣಿ ಇದ್ದದ್ದು ಕುಸಿದ ಅಂಚಿಗೇ. ಇಳಿಯಬೇಕಾದರೆ ಅದೇ ಅಂಚಿಗೆ ಭಾರ ಹಾಕಬೇಕು. ಹಾಕಿದರೆ ಮುಚ್ಚಳ ಬೀಳುತ್ತದೆ, ಕೆಳಗೆ ಹಾಲ್ವರನ ತಲೆ.

ಬೀಳುವ ಭಯ ಅವಳಿಗೆ ಎಂದಿನಿಂದಲೂ ಇತ್ತು. ಇದು ಬೇರೆ ಭಯ. ತನ್ನ ಭಾರಕ್ಕೇ ಗಂಡ ಸಾಯುವ ಭಯ.

"ಹಾಲ್ವರ್! ಹೊರಗೆ ಬಾ!"

ಕೇಳಿಸಬೇಕಲ್ಲ! ಆ ವರ್ಷ ಮೀನು ಹಿಡಿಯಲು ಸರ್ಕಾರ ಅನುಮತಿ ಕೊಟ್ಟ ಮೊದಲ ಶನಿವಾರ ಅದು. ಬಿಡಾರಕ್ಕೆ ಬಿಡಾರವೇ ದೋಣಿ ಹತ್ತಿ ಸರೋವರದ ನಡುವೆ ಕೂತಿತ್ತು. ಕೂಗಿದ್ದಕ್ಕೆ ಒಂದು ನಾಯಿಯೂ ಬೊಗಳಲಿಲ್ಲ.

ಕೆರೆಯುವ ಚಾಕಿನ ಹಿಡಿಯಿಂದ ತಗಡನ್ನು ಪಟಪಟ ಬಡಿದಳು. ಒಳಗಿನಿಂದ ಅಷ್ಟೇ ಉತ್ಸಾಹದಿಂದ ಪಟಪಟ ಉತ್ತರ ಬಂತು.

"ಹಾಂ, ಅಲ್ಲೇ ಅಲ್ಲೇ! ಹಾಕು ಅಂಟು!"

"ಅಯ್ಯೋ ದೇವರೇ, ಈ ಕೆಪ್ಪನನ್ನ ಏನು ಮಾಡ್ಲಿ!" ಎಂದಳು. ತೋಳು ಮತ್ತೊಮ್ಮೆ ಕಿರ್ರೆಂದಿತು. ಉಸಿರಾಡುವುದಕ್ಕೂ ಹೆದರಿದಳು.

ಮತ್ತೆ ಬಡಿದರೆ ಮತ್ತೆ ಬಡಿಯುತ್ತಾನೆ. ಸೋರುವುದನ್ನು ನೋಡಲೆಂದು ತಂದಿದ್ದ ಬಾಟಲಿಯಲ್ಲಿ ನೀರು ಉಳಿದಿತ್ತು. ಸೀಳಿಗೆ ಸುರಿದಳು.

"ಸಾಕು ಸಾಕು, ಸೋರೋದು ಗೊತ್ತಾಯ್ತು!" ಎಂದು ಒಳಗೆ ನಕ್ಕ ಅವನು, ಜಾಗ ಬಿಟ್ಟು ಕದಲಲಿಲ್ಲ.

ಉಳಿದದ್ದು ಥರ್ಮಾಸು. ಅದರ ಬಿರಡೆ ತಿರುಗಿಸಿದರೆ ಹಬೆ ಬಂತು. ಸುಟ್ಟರೆ? ಬೆಚ್ಚಿ ಹಾರಿ ಆ ಮಂಡಿ ಮುರಿದುಕೊಂಡರೆ? ಅವನು ಹಾರಿದ ಅದುರಿಗೇ ಈ ಚಾವಣಿ ಬಿದ್ದರೆ? ಯೋಚಿಸುತ್ತಿದ್ದಂತೆ ಹಲಗೆ ಅವಳ ಹೊಟ್ಟೆಯಡಿ ಇನ್ನಷ್ಟು ವಾಲಿತು. ಬೋಳುತಲೆ ಸೀಳಿನ ನೇರಕ್ಕೇ ಇತ್ತು. ಆರ್ಲಿಸ್ ಕಣ್ಣು ಮುಚ್ಚಿ ಗಂಡನ ನೆತ್ತಿಗೆ ಬಿಸಿ ಕಾಫಿ ಹೊಯ್ದಳು.

ಅವನು ಒದರಿದ ಬೈಗುಳ ಲೂಥರನ್ ಚರ್ಚಿಗೆ ಹೋಗುವ ಬಾಯಿಂದ ಬರುವಂಥದ್ದಾಗಿರಲಿಲ್ಲ. ಸ್ಟೂಲು ಕಿರುಗುಟ್ಟಿತು, ನೆಲ ದಡದಡ ಅಂದಿತು, ಬಾಗಿಲು ಬಡಿಯಿತು. ಹೊರಗೆ ಬಂದವನ ತಲೆ ಕೆಂಪಗೆ, ಮುಖ ಅದಕ್ಕಿಂತ ಕೆಂಪಗೆ.

"ತಲೆ ಕೆಟ್ಟಿದೆಯೇನೇ ನಿಂಗೆ? ಜೀವಂತ ಬೇಯಿಸ್ಬೇಕು ಅಂತ..."

ಅಷ್ಟರಲ್ಲಿ ವಾಲಿದ ಮುಚ್ಚಳ ಕಣ್ಣಿಗೆ ಬಿತ್ತು. ಮುಖದ ಕೆಂಪೆಲ್ಲ ಇಳಿದುಹೋಯಿತು.

"ಅಲ್ಲಾಡಬೇಡ. ಒಳಗಿಂದ ಏನಾದ್ರೂ ಆಸರೆ ಕೊಡ್ತೀನಿ," ಎಂದು ಮತ್ತೆ ಬಾಗಿಲಿನ ಕಡೆಗೆ ತಿರುಗಿದ.

"ಒಳಗೆ ಕಾಲಿಟ್ಟರೆ ಕೊಂದೇಬಿಡ್ತೀನಿ ನಿನ್ನ!"

ಕೇಳಿಸಿತೋ, ತುಟಿ ನೋಡಿ ತಿಳಿಯಿತೋ, ನಿಂತ. ಕಬ್ಬಿಣದ ತೋಳು ಮಡಚಿಕೊಂಡಿತು. ಆರ್ಲಿಸ್ ಹಲಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಮುಚ್ಚಳ ಅವಳನ್ನೂ ಹೊತ್ತುಕೊಂಡು ಧಡಾರನೆ ಕೂತಿತು. ಒಳಗೆ ಮರ ಮುರಿದ ಸದ್ದು ಕೇಳಿಸಿತು. ಅದು ಸ್ಟೂಲು.

ಅವಳ ಗಲ್ಲ ತರಚಿತ್ತು, ಅಷ್ಟೇ. ಹಾಲ್ವರ್ ಕುಂಟುತ್ತ ಬಂದ. ಈಗ ಅವಳ ಮುಖ ಅವನ ಹೆಗಲಿನ ಎತ್ತರಕ್ಕಿತ್ತು. ಕಾಫಿ ಅವನ ಹುಬ್ಬಿನಿಂದ ತೊಟ್ಟಿಕ್ಕುತ್ತಿತ್ತು.

"ನೀನು ಮೊದ್ಲೇ ಇಳಿದುಬಿಡಬಾರದಿತ್ತಾ?" ಎಂದ.

"ಏಣಿ ಆ ಅಂಚಿಗಿತ್ತು."

ಅವನು ಏಣಿಯನ್ನು ನೋಡಿದ, ಅಂಚನ್ನು ನೋಡಿದ, ಅದರ ಕೆಳಗೆ ತಾನು ನಿಂತಿದ್ದ ಜಾಗವನ್ನು ಲೆಕ್ಕ ಹಾಕಿದ. ಅವನಿಗೆ ಅರ್ಥವಾಯಿತು. ಆರ್ಲಿಸ್ ಕಾದಳು, ಈಗ ಆ ಹಾಳು ಮಾತು ಬರುತ್ತದೆ ಎಂದು.

ಬರಲಿಲ್ಲ. ಹಾಲ್ವರ್ ಜೇಬಿಗೆ ಕೈಹಾಕಿ ಕಿವಿಯ ಮೆಷಿನನ್ನು ಹೊರತೆಗೆದ. ಅದು ಎರಡು ಸಲ ಹುಲ್ಲಿಗೆ ಬಿತ್ತು. ಒರೆಸಿ ಕಿವಿಗೆ ಸಿಕ್ಕಿಸಿಕೊಂಡು, ಅವಳ ಮುಖದ ಪಕ್ಕಕ್ಕೆ ತನ್ನ ತಲೆ ತಂದ.

"ಈಗ ಹೇಳು," ಎಂದ.