ನೆಸ್ತಾ ಕಾಣದ ಹಳದಿ

ನೆಸ್ತಾ ಆಂಟಿ ವೆಲ್ಷ್ ಹಳ್ಳಿ ನೆವರ್ನ್‌ನ ನಮ್ಮ ತೋಟಕ್ಕೆ ಬಂದದ್ದು ಅಕ್ಟೋಬರ್ ಕೊನೆಯಲ್ಲಿ. ಡೇಲಿಯಾ ಗಿಡಗಳು ಮೊದಲ ಹಿಮಕ್ಕೆ ಕಪ್ಪಾಗಿ ಬಿದ್ದಿದ್ದವು. ಹಸಿರು ಅಂತ ಉಳಿದಿದ್ದದ್ದು ಈರುಳ್ಳಿ ಜಾತಿಯ ಲೀಕ್ ಮತ್ತು ಕೋಸು. ಹಿಂದೆ ವೆಲ್ಷ್ ಜನ ಹೋಗಿ ನೆಲೆಸಿದ ಅರ್ಜೆಂಟೀನಾದ ಗೈಮನ್ ಊರಿನ ಹಾಡುಗಾರರ ತಂಡದೊಂದಿಗೆ ಬಂದಿದ್ದ ಎಪ್ಪತ್ತೆಂಟರ ಹೆಂಗಸು, ತಂಡ ವಾಪಸಾದರೂ ತಾವು ಹೋಗದೆ, ಸೂಟ್‌ಕೇಸ್ ಹಿಡಿದು ನಮ್ಮ ಗೇಟಿನಲ್ಲಿ ನಿಂತಿದ್ದರು.

"ಸಣ್ಣ ಡ್ಯಾಫೊಡಿಲ್ ಹೂ ಬೆಳೆಯೋರು ನೀವೇನಾ?"

ಅವರ ವೆಲ್ಷ್ ಮಾತು ನನ್ನ ಮುತ್ತಜ್ಜಿಯ ಕಾಲದ್ದು, ಅದಕ್ಕೆ ಸ್ಪ್ಯಾನಿಷ್ ಎಳೆತ ಬೇರೆ. ಅಣ್ಣ ಮೈರಿಗ್ ಲೀಕ್ ಕೀಳುತ್ತಿದ್ದವನು ತಲೆ ಎತ್ತಿದ.

"ನಾವೇ. ಆದ್ರೆ ನೀವು ನಾಲ್ಕು ತಿಂಗಳು ಮುಂಚೆ ಬಂದ್ರಿ."

"ಗೊತ್ತು ಮಗಾ. ನಮ್ಮಲ್ಲೀಗ ವಸಂತ. ಇಲ್ಲಿ ಉಲ್ಟಾ ಅಂತ ತಲೆಗೆ ಗೊತ್ತಿತ್ತು. ಮನಸ್ಸು ಕೇಳ್ಲಿಲ್ಲ."

ಅವರ ಅಜ್ಜಿ ಒಂಬತ್ತನೇ ವಯಸ್ಸಿನಲ್ಲಿ ಇದೇ ಸೀಮೆಯಿಂದ ಹಡಗು ಹತ್ತಿದವರಂತೆ. ಸಾಯುವ ತನಕ ಹೇಳುತ್ತಿದ್ದದ್ದು ಒಂದೇ ಮಾತು: ಬೇಲಿ ದಿಬ್ಬದ ಮೇಲೆ ಗೇಣುದ್ದದ ಹಳದಿ ಹೂ, ಗಾಳಿಗೆ ಬಗ್ಗದ್ದು. ಗೈಮನ್‌ನಲ್ಲೂ ಡ್ಯಾಫೊಡಿಲ್ ಸಿಗುತ್ತದೆ, ಉದ್ದ ಕತ್ತಿನ, ಅಂಗಡಿಯ ಜಾತಿ. ಅದನ್ನು ತಂದುಕೊಟ್ಟಾಗ ಅಜ್ಜಿ ಮುಖ ತಿರುಗಿಸಿದ್ದರಂತೆ.

ನೆಸ್ತಾ ಆಂಟಿಗೆ ಫೆಬ್ರವರಿ ಮೊದಲ ವಾರದೊಳಗೆ ಊರು ಸೇರಲೇಬೇಕಿತ್ತು, ಮೊಮ್ಮಗಳಿಗೆ ಹೆರಿಗೆ. ಅಲ್ಲಿಯವರೆಗೆ ಇರುತ್ತೇನೆ, ಒಂದು ಹೂವಾದರೂ ಮುಂಚೆ ಅರಳೀತು, ಸುಮ್ಮನೆ ಕೂತು ತಿನ್ನುವುದಿಲ್ಲ ಅಂದರು. ಮರುದಿನದಿಂದಲೇ ಶೆಡ್ಡಿನಲ್ಲಿ ಕೂತು ಲೀಕ್‌ನ ಬೇರು ಕತ್ತರಿಸಿ, ಮಣ್ಣು ತೊಳೆದು, ಕಟ್ಟು ಕಟ್ಟತೊಡಗಿದರು. ಶನಿವಾರ ಕಾರ್ಡಿಗನ್ ಪಟ್ಟಣದ ಸಂತೆಯಲ್ಲಿ ನನ್ನ ಪಕ್ಕ ನಿಂತು, ಕೊಳ್ಳುವವರನ್ನೇ ಗದರಿಸುತ್ತಿದ್ದರು. "ಎಲೆ ಬಿಸಾಡ್ಬೇಡ ಕಣೇ, ಸಾರಿಗೆ ಹಾಕು. ರುಚಿ ಇರೋದೇ ಅಲ್ಲಿ!" ಜನ ನಗುತ್ತ ಇನ್ನೆರಡು ಕಟ್ಟು ಹೆಚ್ಚಿಗೆ ಒಯ್ಯುತ್ತಿದ್ದರು.

ನಮ್ಮ ಗಾಡಿಯ ಮೇಲೊಂದು ಹಲಗೆ ಇದೆ: "ಇಲ್ಲೇ ಬೆಳೆದದ್ದು, ಅದರದರ ಕಾಲಕ್ಕೆ." ಮೈರಿಗ್ ಬರೆದದ್ದು. ಬಿಸಿ ಕೊಟ್ಟು ಹೂ ಅರಳಿಸುವವರನ್ನು ಕಂಡರೆ ಅವನಿಗೆ ಆಗದು. ಹತ್ತು ವರ್ಷದ ಹಿಂದೆ ಕ್ರಿಸ್‌ಮಸ್‌ಗೆ ಹೂ ಬೇಕು ಅಂದ ಹೋಟೆಲಿನವರಿಗೆ ಕೋಸು ಕೊಟ್ಟು ಕಳಿಸಿದ್ದ.

ಅಂಥವನು ಜನವರಿಯ ಒಂದು ಬೆಳಿಗ್ಗೆ ನಮ್ಮ ಬೇಲಿ ದಿಬ್ಬದಿಂದ ಡ್ಯಾಫೊಡಿಲ್‌ನ ಒಂದು ಗುಂಪನ್ನೇ ಮಣ್ಣು ಸಮೇತ ಎತ್ತಿ, ಕುಂಡದಲ್ಲಿಟ್ಟು, ಅಡುಗೆಮನೆ ಒಲೆಯ ಪಕ್ಕ ಇಟ್ಟಿದ್ದ.

"ಏನಣ್ಣಾ ಇದು?" ಅಂದೆ.

"ನಿನ್ ಕೆಲ್ಸ ನೋಡ್ಕೋ ಗ್ವೆರ್ವಿಲ್."

ನೆಸ್ತಾ ಆಂಟಿ ಚಹಾಕ್ಕೆ ಬಂದವರು ಕುಂಡ ನೋಡಿದರು. ಚಹಾ ಮುಗಿಸಿ, ಎರಡೂ ಕೈಯಲ್ಲಿ ಕುಂಡ ಎತ್ತಿಕೊಂಡು ಅಂಗಳಕ್ಕೆ ಹೋಗಿ ಚಳಿಯಲ್ಲಿಟ್ಟು ಬಂದರು.

"ನಮ್ಮಜ್ಜಿ ಒಲೆ ಮುಂದೆ ಕೂತಿರೋ ಹೂವಿನ ಸುದ್ದಿ ಯಾವತ್ತೂ ಹೇಳ್ಲಿಲ್ಲ, ಮಗಾ."

ಮೈರಿಗ್‌ನ ಕಿವಿಗಳು ಕೆಂಪಾದವು. ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ, ಬೆಣ್ಣೆ ಮುಗಿದ ಮೇಲೂ.

ಅಂದಿನಿಂದ ನೆಸ್ತಾ ಆಂಟಿ ದಿನಾ ಬೆಳಿಗ್ಗೆ ದಿಬ್ಬಕ್ಕೆ ಹೋಗುತ್ತಿದ್ದರು. ನೆಲದಿಂದ ಹಸಿರು ಚೂಪುಗಳು ಎದ್ದಿದ್ದವು, ಬೆರಳಷ್ಟು. ಒಂದೊಂದನ್ನೂ ಮುಟ್ಟಿ ನೋಡುವರು. ಆ ವರ್ಷ ಚಳಿ ಹಟ ಹಿಡಿದಿತ್ತು. ಹೊರಡುವ ದಿನ ನಾನು ವ್ಯಾನ್ ತೆಗೆದು ಕಾಯುತ್ತಿದ್ದೆ. ಅವರು ಬರಲಿಲ್ಲ. ನಾನೂ ಮೈರಿಗ್‌ನೂ ಹೋಗಿ ನೋಡಿದರೆ ಒದ್ದೆ ಹುಲ್ಲಿನಲ್ಲಿ ಮಂಡಿಯೂರಿದ್ದರು. ಕೈಯಲ್ಲೊಂದು ಮುರಿದ ಮೊಗ್ಗು. ಉಗುರಿನಿಂದ ಪೊರೆ ಸೀಳಿದ್ದರು. ಒಳಗೆ ಮಡಿಸಿಟ್ಟ ಎಸಳು, ತಿಳಿ ಹಸಿರು.

"ಇದಿನ್ನೂ ಹಳದೀನೇ ಆಗಿಲ್ಲ," ಅಂದರು. ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನಮ್ಮನ್ನು ನೋಡಿದರು. "ಒಂದು ಹೂ ಹಾಳು ಮಾಡ್ಬಿಟ್ಟೆ ನಿನ್ದು."

"ಹತ್ತು ಮುರೀರಿ," ಅಂದ ಮೈರಿಗ್. "ಪೂರ್ತಿ ದಿಬ್ಬ ಮುರೀರಿ."

ಅವರು ಅವನ ಕೆನ್ನೆ ತಟ್ಟಿ ವ್ಯಾನ್ ಹತ್ತಿದರು.

ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಮೊದಲ ಹೂ ಅರಳಿತು. ಸಂಜೆಯ ಹೊತ್ತಿಗೆ ನಲವತ್ತು. ಫೋನ್ ಅಂದರೆ ಮಾರು ದೂರ ಓಡುವ ಮೈರಿಗ್, ಅವತ್ತು ತಾನೇ ಬಂದು "ಆಂಟಿಗೆ ಹಚ್ಚು" ಅಂದ. ನಾನು ಫೋನನ್ನು ದಿಬ್ಬದ ಕಡೆ ಹಿಡಿದೆ. ಪರದೆಯಲ್ಲಿ ನೆಸ್ತಾ ಆಂಟಿ, ತೋಳಲ್ಲಿ ಮಲಗಿದ ಕೂಸು.

"ಪಕ್ಕಕ್ಕೆ ಸರಿಯೋ ಮೈರಿಗ್, ನಿನ್ ಬೂಟು ನೋಡೋಕೆ ಕೂತಿಲ್ಲ ನಾನು!"

ಅವನು ಸರಿದ. ಅವರು ತುಂಬ ಹೊತ್ತು ನೋಡಿದರು. ಗಾಳಿಗೆ ಹೂಗಳು ಅಲುಗುತ್ತಿದ್ದವು, ಬಗ್ಗುತ್ತಿರಲಿಲ್ಲ.

"ಫೋನಲ್ಲಿ ಬಣ್ಣ ಸರಿ ಕಾಣ್ತಿಲ್ಲ ಕಂದ," ಅಂದರು ಕೊನೆಗೆ. "ಇನ್ನೂ ಗಾಢ ಇರ್ಬೇಕು, ಅಲ್ವಾ?"

"ಹೌದು ಆಂಟಿ. ತುಂಬಾ ಗಾಢ."

ಆಮೇಲೆ ಅವರು ತಮ್ಮ ಫೋನ್ ತಿರುಗಿಸಿದರು. ಉರಿಬಿಸಿಲು, ಮಣ್ಣಿನ ಕಾಲುವೆ, ಅದರ ದಂಡೆಯಲ್ಲಿ ಸಾಲು ಪಾಪ್ಲರ್ ಮರಗಳು, ಎಲೆಗಳೆಲ್ಲ ಒಟ್ಟಿಗೆ ಮಿನುಗುತ್ತಿದ್ದವು. ಕಾಲುವೆ ತೋಡಿದ್ದು ನಮ್ಮ ತಾತಂದಿರು ಅಂದರು. ಅಷ್ಟರಲ್ಲಿ ಕೂಸು ಎದ್ದು ಅತ್ತಿತು, ಕರೆ ಕಡಿದುಹೋಯಿತು.

ರಾತ್ರಿ ಊಟಕ್ಕೆ ಕೂತಾಗ ಮೈರಿಗ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಕಾರ್ಡಿಫ್ ದಾಟಿ ಎಲ್ಲೂ ಹೋದವನಲ್ಲ ಅವನು.

"ಅಲ್ಲಿಗೆ ಅಕ್ಟೋಬರ್‌ನಲ್ಲಿ ಹೋದ್ರೆ," ಅಂದ, "ಆ ಮರಗಳಿಗೆ ಎಲೆ ಬಂದಿರುತ್ತಾ?"

ನನಗೂ ಗೊತ್ತಿರಲಿಲ್ಲ. ಸಂಜೆಯಿಂದ ನಾನೂ ಅದನ್ನೇ ಯೋಚಿಸುತ್ತಿದ್ದೆ.