ಸೋಮವಾರದ ಸಭೆ

ಕಟ್ಟಡಕ್ಕೆ ಹೆಸರಿಡಬೇಕಾದರೆ ಮನುಷ್ಯ ಮೊದಲು ಸಾಯಬೇಕು ಎಂದು ತಾಯಕ್ಕ ತಿಳಿದಿದ್ದಳು. ಮೊಣಕಾಲು ನೋವೊಂದು ಬಿಟ್ಟರೆ ಅವಳು ಇನ್ನೂ ಗಟ್ಟಿಯಾಗಿಯೇ ಇದ್ದಳು. ಆದರೂ ಆ ಮಂಗಳವಾರ ಬೆಳಗ್ಗೆ ಕಂಪ್ಲಿಯ ಕಾಲುವೆ ದಾರಿಯಲ್ಲಿ ಬರುವಾಗ, ಗದ್ದೆಗೆ ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆಯ ಗೋಡೆಯ ಮೇಲೆ ಪೇಂಟರ್ ಗಾಳೆಪ್ಪ ನೀಲಿ ಬಣ್ಣದಲ್ಲಿ ಅವಳ ಹೆಸರು ಬರೆಯುತ್ತಿದ್ದ. ತಾಯಕ್ಕ ಕಾನ್ವೆಂಟ್. ಅಕ್ಷರ ಕೂಡಿಸಿ ಓದಲು ಅವಳಿಗೆ ಒಂದಿಷ್ಟು ಹೊತ್ತು ಹಿಡಿಯಿತು.

ಆ ಅಕ್ಷರ ಕಲಿಸಿದವಳು ಸುವರ್ಣಮ್ಮ. ಇಪ್ಪತ್ತಮೂರು ವರ್ಷದ ಹಿಂದೆ ಕೂಸಿನ ಮನೆಯ ಮೊದಲ ತೊಟ್ಟಿಲಲ್ಲಿ ಮಲಗಿದ ಕೂಸು ಅವಳು. ತಾಯಕ್ಕನ ಸೆರಗು ಹಿಡಿದೇ ಬೆಳೆದು, ಹೊಸಪೇಟೆಗೆ ಹೋಗಿ ಓದಿ ಬಂದು, ಈಗ ನಾಟಿ ಹೆಂಗಸರ ಸಂಘದ ಕಾರ್ಯದರ್ಶಿ. ಬರೆಯುವುದು, ಓದುವುದು, ಆಫೀಸರುಗಳ ಹತ್ತಿರ ಮಾತಾಡುವುದು ಎಲ್ಲ ಅವಳೇ. ತಾಯಕ್ಕ ಕಣ್ಣು ಮುಚ್ಚಿ ನಂಬಿದ್ದಳು.

ಕಾಲುವೆಗೆ ನೀರು ಬಂದ ಮೇಲೆ ಕಂಪ್ಲಿಯ ಸುತ್ತ ವರ್ಷಕ್ಕೆ ಎರಡು ಬೆಳೆ ಭತ್ತ. ನಾಟಿಗೆ ಇಳಿದ ಹೆಂಗಸರು ಹಾಲುಗೂಸುಗಳನ್ನು ಬದುವಿನ ಮೇಲೆ ಮಲಗಿಸಿ ಕೆಸರಿಗೆ ಇಳಿಯುತ್ತಿದ್ದರು. ಅರವತ್ತೈದನೇ ಇಸವಿಯಲ್ಲಿ ಎಲ್ಲಮ್ಮನ ಕೂಸು ಉರುಳಿ ಕಾಲುವೆಗೆ ಬಿತ್ತು, ಸಿಗಲಿಲ್ಲ. ನಾಟಿ ಗುಂಪಿನ ಮುಂದಾಳಾಗಿದ್ದ ತಾಯಕ್ಕ ಆವತ್ತೇ ಸೆರಗು ಸೊಂಟಕ್ಕೆ ಸಿಗಿಸಿ ಸಂಘ ಕಟ್ಟಿದಳು. ಹೆಣ್ಣಾಳುಗಳ ಸಂಘವಂತೆ ಎಂದು ಗದ್ದೆಯ ಧಣಿಗಳು ಮೀಸೆಯಡಿ ನಕ್ಕರು. ಆ ಹೆಣ್ಣಾಳುಗಳೇ ತಲೆಯ ಮೇಲೆ ಕಲ್ಲು ಹೊತ್ತು ಕೂಸಿನ ಮನೆ ಕಟ್ಟಿದರು. ಆಮೇಲೆ ಒಂದು ಕೂಸೂ ನೀರಿಗೆ ಹೋಗಲಿಲ್ಲ.

ಸಂಘಕ್ಕೆ ತಾಯಕ್ಕ ಎರಡೇ ಕಟ್ಟಳೆ ಮಾಡಿದ್ದಳು. ಸಭೆ ಸೋಮವಾರವೇ ಸೇರಬೇಕು. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಎತ್ತು ತುಳಿಯದೆ ಕೆಸರು ಹದವಾಗುವುದಿಲ್ಲ, ನಾಟಿಯೂ ಇರುವುದಿಲ್ಲ. ಎರಡನೆಯದು, ಸಭೆಗೆ ಬಾರದವರು ಒಪ್ಪಿದ ಹಾಗೆ. ಗಂಡನಿಗೆ ಹೆದರಿ ಮನೆಯಲ್ಲಿ ಕೂರುವವರನ್ನು ಎಬ್ಬಿಸಲು ಮಾಡಿದ್ದು ಅದು. ಈಗ ಊರ ತುಂಬ ಟ್ರ್ಯಾಕ್ಟರ್, ಅದಕ್ಕೆ ಯಾವ ಬಸವಣ್ಣ, ಯಾವ ಸೋಮವಾರ? ಕಟ್ಟಳೆ ತಿದ್ದಬೇಕೆಂದು ತಾಯಕ್ಕನಿಗೆ ಹೊಳೆದಿರಲೇ ಇಲ್ಲ.

ಒಳಗೆ ಸುವರ್ಣಮ್ಮ ಹೊಸ ಬೆಂಚುಗಳನ್ನು ಸಾಲಾಗಿ ಇಡಿಸುತ್ತಿದ್ದಳು. ತೊಟ್ಟಿಲ ಹಗ್ಗಗಳು ಮೂಲೆಯಲ್ಲಿ ಸುರುಳಿ ಸುತ್ತಿ ಬಿದ್ದಿದ್ದವು.

"ಬರ್ರಿ ಅಕ್ಕ, ಕುಂದ್ರಿ," ಎಂದಳು.

ಮಾತು ಬಂದಾಗಿನಿಂದ 'ನೀನು' ಎಂದೇ ಕರೆದವಳು ಇವತ್ತು ಮರ್ಯಾದೆ ಹಚ್ಚಿದ್ದಳು.

"ಏನಿದು ಸುವರ್ಣಿ?"

"ನಿನ್ನೆ ಸಭಾ ಆತ್ರಿ. ಕೂಸಿನ ಮನಿ ಬಂದ್ ಮಾಡಿ ಸಾಲಿ ಮಾಡಾದು ಅಂತ ಠರಾವ್ ಆತು. ಇಂಗ್ಲಿಷ್ ಸಾಲಿ."

"ಯಾರ್ಯಾರು ಬಂದಿದ್ರು?"

"ಐದು ಮಂದಿ. ಉಳದೋರು ನಾಟಿಗೆ ಹೋಗಿದ್ರು. ಬರದೋರು ಒಪ್ಪಿದಂಗ. ನೀವ ಮಾಡಿದ್ದಲ್ರಿ ಕಟ್ಟಳಿ?"

ನಿನ್ನೆ ತಾಯಕ್ಕ ದೋಣಿಮಲೈಯಲ್ಲಿದ್ದಳು. ಗಣಿ ಕಂಪನಿಯ ಕ್ವಾರ್ಟರ್ಸಿನ ಹೆಂಗಸರು ಸನ್ಮಾನ ಮಾಡುತ್ತಾರೆ, ಹೋಗಲೇಬೇಕು ಎಂದು ಸುವರ್ಣಮ್ಮನೇ ಬಸ್ಸು ಹತ್ತಿಸಿದ್ದಳು. ಅಲ್ಲಿ ಹೊದಿಸಿದ ಶಾಲು ಇನ್ನೂ ಹೆಗಲ ಮೇಲಿತ್ತು.

"ಅದಕ್ಕ ನನ್ನ ಅಲ್ಲಿಗೆ ಕಳಿಸಿದ್ದೇನು?"

ಸುವರ್ಣಮ್ಮ ಬೆಂಚಿನ ಧೂಳು ಒರೆಸಿದಳು. "ಎಷ್ಟು ದಿನ ಅಂತ ತೊಟ್ಲಾ ತೂಗಾದ್ರಿ? ತೂಗಿಸಿಕೊಂಡೋರೆಲ್ಲ ದೊಡ್ಡಾಗಿ ಮತ್ತ ಕೆಸರಿಗೇ ಇಳದ್ರು. ಓದಿದಾಕಿ ನಾನೊಬ್ಬಾಕಿ."

"ಈ ಸಾಲಿಗೆ ಅವರ ಮಕ್ಕಳು ಬರ್ತಾರೇನು?"

"ಫೀಸ್ ಕಟ್ಟಿದ್ರ ಬರ್ತಾರ."

"ಹಾಲುಗೂಸು?"

ಸುವರ್ಣಮ್ಮ ಮುಂದಿನ ಬೆಂಚಿಗೆ ಸರಿದಳು. ಹೊರಗಿನವರು ಕೆಡಿಸಿದ್ದರೆ ತಾಯಕ್ಕ ಬೈದು ಹಗುರಾಗಬಹುದಿತ್ತು, ಇದು ತನ್ನ ಮಡಿಲಲ್ಲೇ ಬೆಳೆದ ಮೋಸ. ಶಾಲು ತೆಗೆದು ಬೆಂಚಿನ ಮೇಲಿಟ್ಟು, ಒಂದು ಹಗ್ಗದ ಸುರುಳಿ ಎತ್ತಿಕೊಂಡು ಹೊರಬಿದ್ದಳು.

ಕಾಲುವೆಯ ಆಚೆ ಜಂಬವ್ವ ಮೂರು ತಿಂಗಳ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಗದ್ದೆಗೆ ಹೊರಟಿದ್ದಳು. ಬೆಳಗ್ಗೆ ಕೂಸಿನ ಮನೆಯ ಬಾಗಿಲಿನಿಂದ ಅವಳನ್ನು ವಾಪಸು ಕಳಿಸಿದ್ದರು.

"ಕೂಸು ಇಲ್ಲಿ ತಾ ಜಂಬವ್ವ. ನಾ ನೋಡ್ಕೊಂತೀನಿ."

ಜಂಬವ್ವ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು.

"ಬ್ಯಾಡ ಬಿಡ್ರಿ. ಗ್ವಾಡಿ ಮ್ಯಾಲ ನಿಮ್ಮ ಹೆಸರು ಐತಂತ. ದೊಡ್ಡೋರ ಸಾಲಿ ಮಾಡೀರಿ, ಚಲೋದಾತು."

"ನನಗ ಗೊತ್ತಿಲ್ಲವ್ವ. ನನ್ನ ಕೇಳಲಿಲ್ಲ."

"ನಿಮ್ಮ ಕೇಳದ ನಿಮ್ಮ ಹೆಸರು ಬರೀತಾರೇನ್ರಿ?"

ಅವಳ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಕೇಳುತ್ತಿದ್ದರು. ಜಂಬವ್ವ ಬದುವಿನ ಜಾಲಿ ಮರಕ್ಕೆ ಹಳೆಯ ಸೀರೆ ಕಟ್ಟಿ, ಕೂಸನ್ನು ಮಲಗಿಸಿ ಕೆಸರಿಗೆ ಇಳಿದಳು.

ತಾಯಕ್ಕ ಹೋಗಲಿಲ್ಲ. ತೂಗುವ ಸೀರೆಗೂ ಕಾಲುವೆಗೂ ನಡುವೆ, ನೋಯುವ ಕಾಲು ಚಾಚಿ, ಹಗ್ಗ ತೊಡೆಯ ಮೇಲಿಟ್ಟುಕೊಂಡು ಕೂತಳು. ಜಂಬವ್ವ ಒಂದೊಂದು ಸಾಲು ಮುಗಿಸಿದಾಗಲೂ ಸೊಂಟ ನೆಟ್ಟಗೆ ಮಾಡಿ ಬದುವಿನ ಕಡೆ ನೋಡುತ್ತಿದ್ದಳು. ಕಾಲುವೆಯ ಭಯಕ್ಕಲ್ಲ, ಕೂಸಿನ ಹತ್ತಿರ ತಾಯಕ್ಕ ಇದ್ದಾಳೆಂಬ ಭಯಕ್ಕೆ ನೋಡುತ್ತಿದ್ದಳು.